ಮೂರನೆಯ ಚೌಕ

ಮನ್ಮಥಪ್ಪನ ಬೆರಳು ಮತ್ತೆ ಮೂರನೆಯ ಚೌಕದ ಮೇಲೆ ಬಂದು ನಿಂತಿತು. ಒತ್ತಲಿಲ್ಲ.

"ಒತ್ತಪ್ಪಾ," ಎಂದಳು ಮಗಳು ಪ್ರಣಿತಾ. "ಪೂಜಿ ಆಗೇದ. ವೈನಿ ದೇವರ ಜಗಲಿ ಮ್ಯಾಲ ದೀಪ ಹಚ್ಯಾರ, ನೋಡಲ್ಲಿ."

ಅಪ್ಪ ದೀಪವನ್ನು ನೋಡಿದ. ಪರದೆಯನ್ನು ನೋಡಿದ. ಬೆರಳು ಹಿಂದೆ ಸರಿಯಿತು.

ಉಮರ್ಗಾದ ಅತ್ತೆಯ ಮನೆಯಲ್ಲಿ ಕೂತು ಊರಾಚೆಯ ಕಂಪನಿಗಳಿಗೆ ಮೊಬೈಲ್ ಆ್ಯಪ್‌ಗಳ ಪರದೆ ಕಟ್ಟಿಕೊಡುವುದು ಪ್ರಣಿತಾಳ ಕಸುಬು. ನೀರು ಕುಡಿದಿರಾ, ನಡೆದಿರಾ, ನಿದ್ದೆ ಮಾಡಿದಿರಾ ಎಂದು ಕೇಳುವ ಪರದೆಗಳು. ಈಗ ನಿಲಂಗಾದ ತವರಿನಲ್ಲಿ, ಅಪ್ಪನ ತಲೆದಿಂಬಿನ ಪಕ್ಕ ಕೂತು, ಅಪ್ಪನಿಗೊಂದನ್ನು ಕಟ್ಟಿದ್ದಳು. ಜಳಕ, ವಿಭೂತಿ, ಪೂಜೆ, ಊಟ, ಗುಳಿಗೆ. ಐದು ಚಿತ್ರ. ಆದದ್ದನ್ನು ಮುಟ್ಟಿದರೆ ಚೌಕ ಹಸಿರಾಗುತ್ತದೆ, ಮುಂದಿನದು ಬೆಳಗುತ್ತದೆ. ಪೂಜೆ ಹಸಿರಾಗದೆ ಊಟ ಬೆಳಗದಂತೆ ಬರೆದಿದ್ದಳು. ಅಪ್ಪನ ಕ್ರಮವೇ ಅದು. ಬರೆಯುವಾಗ ಸ್ವಲ್ಪ ಹೆಮ್ಮೆಯೂ ಆಗಿತ್ತು.

ಅಪ್ಪನ ಬಲಗೈ, ಮಾತು ಎರಡನ್ನೂ ಲಕ್ವಾ ಕಸಿದುಕೊಂಡಿತ್ತು. ಬೆಳಕು ಹರಿಯುವ ಮೊದಲೇ ವಚನ ಹಾಡಿ ಓಣಿಯನ್ನೆಬ್ಬಿಸುತ್ತಿದ್ದ ಗಂಟಲಲ್ಲಿ ಈಗ ಉಳಿದದ್ದು ಒಂದು ನರಳಿಕೆ. ಉದಗೀರದ ದವಾಖಾನೆಯ ಆ ದಿನ ಪ್ರಣಿತಾಳಿಗೆ ಚೂರುಚೂರಾಗಿ ಮಾತ್ರ ನೆನಪು. ಅಪ್ಪನನ್ನು ಸ್ಕ್ಯಾನಿಗೆ ಒಯ್ದ ಸ್ಟ್ರೆಚರು. ಅಪ್ಪನ ಮೈಮೇಲಿನ ಉಂಗುರ, ಉಡದಾರವೆಂದು ನರ್ಸು ಗಂಟು ಕಟ್ಟಿ ಕೈಗಿತ್ತ ಕರವಸ್ತ್ರ. ಸಹಿಗಾಗಿ ಕೂಗುತ್ತಿದ್ದವರು. ಕೊನೆಗೆ ಡಾಕ್ಟರು ಹೇಳಿದ ಒಂದೇ ಮಾತು: ನುಂಗಲು ತೊಂದರೆಯಿಲ್ಲ, ಬಾಯಿಂದ ಉಂಡರೆ ಉಳಿಯುತ್ತಾರೆ, ಹಳೆಯ ರೂಢಿಗೆ ತನ್ನಿ.

ಉಣ್ಣುತ್ತಿರಲಿಲ್ಲ. ಗಂಜಿ ತಂದರೆ ತುಟಿ ಬಿಗಿಯುತ್ತಿದ್ದ. ನೀರಿಗೂ ಅಷ್ಟೇ. ಕಂಪೌಂಡರ್ ಮನೆಗೇ ಬಂದು ಸಲಾಯಿನ್ ಹಚ್ಚಿ ಹೋಗುತ್ತಿದ್ದ.

"ಒಕ್ಕಲುತನದ ಮನಿಷ್ಯಾಗ ಮೊಬೈಲ್ ತೋರ್ಸಿ ಉಣ್ಸಾಕ ಹತ್ತ್ಯಾಳ," ಎಂದ ಅಣ್ಣ ವೈಜನಾಥ. "ನಮ್ಮ ಎತ್ತಿಗೆ ಭಿ ಒಂದು ಮಾಡಿಕೊಡವಾ. ಮೇವು ಚಲೋ ತಿಂದೀತು."

"ನೀ ಸುಮ್ಮ ಕೂಡಣ್ಣಾ. ಚಿತ್ರ ತಿಳಿಯವಲ್ದು ಅವಂಗ."

"ಚಿತ್ರ ಅಲ್ಲ, ನಿನ್ನ ವೈನಿ ಕೈಯ ಗಂಜಿ ತಿಳದದ."

"ಆ ಗಂಜಿ ತಿಂದೇ ಇಷ್ಟು ಹೊಟ್ಟಿ ಬಂದದ್ರಿ ನಿಮಗ," ಎಂದಳು ಅವನ ಹೆಂಡತಿ ಸಾರಿಕಾ ವೈನಿ, ಸಲಾಯಿನ್ ಬಾಟಲಿಯಿಂದ ಕಣ್ಣು ತೆಗೆಯದೆ.

ಪ್ರಣಿತಾ ಮೂರನೆಯ ಚೌಕದ ಗಂಟೆಯ ಚಿತ್ರ ತೆಗೆದು ದೀಪ ಇಟ್ಟಳು. ದೀಪ ತೆಗೆದು ಬಿಲ್ವಪತ್ರೆ ಇಟ್ಟಳು. ಚೌಕವನ್ನು ಅಂಗೈಯಗಲ ಮಾಡಿದಳು. ಅಪ್ಪ ಪ್ರತಿ ಸಲವೂ ಜಳಕ ಒತ್ತಿದ, ವಿಭೂತಿ ಒತ್ತಿದ, ಮೂರನೆಯದಕ್ಕೆ ಬಂದು ನಿಂತ. ಆಮೇಲೆ ಎಡಗೈಯಿಂದ ಎದೆ ತಡವಿಕೊಂಡ.

ಎದೆನೋವೆಂದು ಡಾಕ್ಟರನ್ನು ಕರೆಸಿದರು. ಎದೆ ನೆಟ್ಟಗಿತ್ತು.

ಮರುದಿನ ಅಪ್ಪ ಎಡ ಅಂಗೈ ಅಗಲಿಸಿ ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದ. ಅದನ್ನೇ ನೋಡಿದ. ಮಗಳನ್ನು ನೋಡಿದ. ಮತ್ತೆ ಅಂಗೈ.

"ಮೊಬೈಲ್ ಕೇಳಾಕತ್ತಾರ," ಎಂದಳು ವೈನಿ.

ಪ್ರಣಿತಾಳಿಗೆ ಜೀವ ಬಂದಂತಾಯಿತು. ಓಡಿ ಬಂದು ಮೊಬೈಲನ್ನು ಆ ಅಂಗೈಯಲ್ಲಿಟ್ಟಳು. ಅಪ್ಪ ಕೈ ವಾಲಿಸಿದ. ಮೊಬೈಲು ಜಾರಿ ಹಾಸಿಗೆಗೆ ಬಿತ್ತು.

ಅವತ್ತೇ ಆಕೆ ಆ ಕೆಲಸ ಮಾಡಿದ್ದು. ಅಪ್ಪನ ಬೆರಳು ಹಿಡಿದು ತಾನೇ ಮೂರನೆಯ ಚೌಕದ ಮೇಲೆ ಒತ್ತಿಸಿದಳು. ಹಸಿರಾಯಿತು. ಊಟದ ತಾಟು ಬೆಳಗಿತು.

"ನೋಡು, ತೆರೀತು. ಇನ್ನ ಉಣ್ಣಪ್ಪಾ."

ಅಪ್ಪನ ಕಣ್ಣಿಂದ ನೀರಿಳಿಯಿತು. ಆಗದ್ದನ್ನು ಆಯಿತೆಂದು ಎಂದೂ ಅಂದವನಲ್ಲ. ನಿಧಾನಕ್ಕೆ ಮುಖವನ್ನು ಗೋಡೆಯ ಕಡೆ ಹೊರಳಿಸಿದ. ಮತ್ತೆ ಈ ಕಡೆ ಹೊರಳಿಸಲಿಲ್ಲ. ಆ ವಾರ ದಾಟಲೂ ಇಲ್ಲ.

ಸಾಸ್ತೂರದ ತಮ್ಮ ಹೊಲದಲ್ಲಿ ಕುಣಿ ತೋಡಿದರು. ಅಪ್ಪನಿಗೆ ವಿಭೂತಿ ಹಚ್ಚಿ ಅದರಲ್ಲಿ ಕೂರಿಸಿದ್ದರು. ಪ್ರಣಿತಾ ಲ್ಯಾಪ್‌ಟಾಪ್ ಬ್ಯಾಗನ್ನು ಹೆಗಲಿಗೆ ಹಾಕಿಕೊಂಡೇ ಅಂಚಿನಲ್ಲಿ ನಿಂತಿದ್ದಳು. ದವಾಖಾನೆಯಿಂದ ಬಂದಂದಿನಿಂದ ಆ ಬ್ಯಾಗು ಅಪ್ಪನ ಮಂಚದ ಕಾಲಿಗೇ ಒರಗಿತ್ತು. ಅವನಿಗೆ ತಿಳಿಯುವಂಥ ಪರದೆಯೊಂದನ್ನು ತನಗೆ ಕಟ್ಟಲಾಗಲಿಲ್ಲವೆಂಬುದೊಂದೇ ಆಕೆಯ ತಲೆಯಲ್ಲಿತ್ತು.

ವಿಧಿ ಮಾಡಿಸಲು ಬಂದ ಅಯ್ಯನವರು ಕುಣಿಗಿಳಿದು ಅಪ್ಪನ ಎಡಗೈ ಬಿಡಿಸಿದರು.

"ಕೊರಳಾಗಿನ ಇಷ್ಟಲಿಂಗ ತಗೀರಿ. ಅಂಗೈಯಾಗ ಇಡಬೇಕು."

ವೈಜನಾಥ ಹೆಂಡತಿಯ ಕಡೆ ತಿರುಗಿದ. "ಎಲ್ಲಿಟ್ಟಿ?"

"ನಾ ಎಲ್ಲಿಡ್ಲಿ? ಅವ್ರ ಕೊರಳಾಗ ಇಲ್ಲೇನ್ರಿ?"

"ಜಳಕ ಮಾಡ್ಸುವಾಗ ಇರಲಿಲ್ಲ. ದವಾಖಾನ್ಯಾಗ ತಗದಾರ, ನೀ ಜಗಲಿ ಮ್ಯಾಲ ಇಟ್ಟೀದಿ ಅಂತ ತಿಳಿದಿದ್ದೆ."

ಅಯ್ಯನವರು ಒಬ್ಬೊಬ್ಬರ ಮುಖವನ್ನೂ ನೋಡಿದರು. "ದವಾಖಾನಿಯಿಂದ ಮೈಮ್ಯಾಲ ಲಿಂಗ ಇಲ್ಲಾ? ಅಂಗೈಯಾಗ ಲಿಂಗ ಹಿಡದು ಪೂಜಿ ಮಾಡ್ಲಾರದೆ ಗುಟುಕು ನೀರು ಕುಡದಾಂವ ಅಲ್ಲಲ್ಲೋ ನಿಮ್ಮಪ್ಪ."

ಪ್ರಣಿತಾಳ ಕೈ ತಾನಾಗಿ ತನ್ನ ಕೊರಳಿಗೆ ಹೋಯಿತು. ಅದು ಬರಿದಾಗಿ ವರ್ಷಗಳೇ ಆಗಿದ್ದವು. ಅಲ್ಲಿಂದ ಆ ಕೈ ಬ್ಯಾಗಿನ ಬದಿಯ ಜೇಬಿಗೆ ಇಳಿಯಿತು.

ನರ್ಸು ಕೊಟ್ಟಿದ್ದ ಕರವಸ್ತ್ರದ ಗಂಟು ಅಲ್ಲಿತ್ತು; ಅದರಲ್ಲಿ ಉಂಗುರವಿತ್ತು, ಉಡದಾರವಿತ್ತು, ಶಿವದಾರ ಸುತ್ತಿದ, ಇಷ್ಟಲಿಂಗದ ಬೆಳ್ಳಿಯ ಕರಡಿಗೆಯಿತ್ತು.