ಬ್ರೇಕು ಒಣಗುವ ತನಕ

ಬೇಡ ಅಂದುಬಿಡಲೇ? ಇನ್ನೂ ಹೊತ್ತು ಮೀರಿಲ್ಲ. ಬಿಚ್ಚಿದ ಹಳೆಯ ಬ್ರೇಕ್ ಡ್ರಮ್ಮುಗಳು ಅಲ್ಲೇ ನೆಲದ ಮೇಲಿವೆ. ಮತ್ತೆ ಕೂಡಿಸು ಎಂದರೆ ಮೆಕ್ಯಾನಿಕ್ ನಬಿಸಾಬ ಕೂಡಿಸಿಯಾನು. ಆದರೆ ಯಾಕೆಂದು ಕೇಳಿದರೆ? ರೇವಪ್ಪ ಗ್ಯಾರೇಜಿನ ಬೇವಿನ ನೆರಳಲ್ಲಿ ನಿಂತು, ಮುಂದಿನ ಗಾಲಿ ಕಳೆದುಕೊಂಡು ಕಲ್ಲಿನ ಮೇಲೆ ಕೂತ ತನ್ನ ಪಿಕಪ್ಪನ್ನೇ ನೋಡುತ್ತಿದ್ದ. ಮಿಲಿಟರಿ ಹರಾಜಿನಲ್ಲಿ ಅವನಪ್ಪ ಹಿಡಿದ ಗಾಡಿ. ಇಂಡಿ ತಾಲೂಕಿನ ನಿಂಬೆಹಣ್ಣು ಹೊತ್ತು ಮುದ್ದೇಬಿಹಾಳದ ಸಂತೆಗೆ ಹೋಗಿಬರುವುದರಲ್ಲೇ ಅದರ ಅರ್ಧ ಆಯುಷ್ಯ ಕಳೆದಿತ್ತು.

"ಏನ್ ವಿಚಾರ ಮಾಡಾಕತ್ತೀರಿ ಸಾವ್ಕಾರ?" ಗಾಡಿಯಡಿಯಿಂದ ನಬಿಸಾಬ ತಲೆ ಹೊರಗೆ ಹಾಕಿದ. "ಮಗಳಿಗೆ ವರ ನೋಡಿದಂಗ ನೋಡಾಕತ್ತೀರಲ್ಲ."

"ಈ ಹೊಸಾ ಬ್ರೇಕು ಖರೇನ ಹಿಡೀತಾವೇನೋ?"

"ಸೊಲ್ಲಾಪುರದ ಗುಜರಿಯಾಗ ಫಾರಿನ್ ಕಾರಿಂದ ಬಿಚ್ಚಿಸಿ ತಂದೇನ್ರಿ. ನೋಡ್ರಿಲ್ಲಿ." ಊಟದ ತಾಟಿನಂಥ ಕಬ್ಬಿಣದ ಡಿಸ್ಕನ್ನು ಅವನು ಕೈಯಿಂದ ತಿರುಗಿಸಿ ತೋರಿಸಿದ. "ಡ್ರಮ್ ಅಂದ್ರ ಮುಚ್ಚಿದ ಗಡಿಗಿ. ಒಳಗ ನೀರು ಹೊಕ್ರ ಅಲ್ಲೇ ಕುಂತುಬಿಡ್ತೈತಿ. ಇದು ಬಯಲಾಗಿನ ತಾಟು. ತಿರುಗಿದಂಗ ನೀರು ಸಿಡದ್ ಹೋಗ್ತೈತಿ. ಹಳ್ಳ ದಾಟಿದ ಮ್ಯಾಲ ಬ್ರೇಕ್ ತುಳಕೋತ ಎತ್ತಿನ ಹೆಜ್ಜಿ ಹಾಕೂ ಕೆಲಸ ಇನ್ನ ಇಲ್ಲ. ನಿಂದ್ರು ಅಂದಲ್ಲಿ ನಿಂದ್ರತೈತಿ."

ಬುತ್ತಿ ತಂದಿದ್ದ ಹೆಂಡತಿ ರುಕ್ಮವ್ವ ಹಿಂದೆಯೇ ನಿಂತಿದ್ದಳು. ಎಲ್ಲ ಕೇಳಿಸಿಕೊಂಡಳು. "ಚಲೋ ಆತಲ್ರಿ," ಎಂದು ಬುತ್ತಿಯ ಗಂಟನ್ನು ಕೆಳಗಿಟ್ಟು, ಬಿಚ್ಚದೆ, ಅದರ ಗಂಟನ್ನೇ ಇನ್ನಷ್ಟು ಬಿಗಿ ಮಾಡುತ್ತ ಕೂತಳು.

ಆ ಎತ್ತಿನ ಹೆಜ್ಜೆ ಸಂತೆಯ ದಾರಿಯ ಎಲ್ಲ ಡ್ರೈವರುಗಳ ರೂಢಿ. ಹಳ್ಳದ ನೀರು ಡ್ರಮ್ಮಿಗೆ ಹೊಕ್ಕರೆ ಬ್ರೇಕು ಜಾರುತ್ತದೆ. ಅದಕ್ಕೆ ಬ್ರೇಕನ್ನು ಹಗುರಾಗಿ ತುಳಿದುಕೊಂಡೇ ಒಂದಿಷ್ಟು ದೂರ ನಿಧಾನ ಹೋಗಬೇಕು. ಕಾವಿಗೆ ನೀರು ಆರುತ್ತದೆ. ಆ ಒಂದಿಷ್ಟು ದೂರದಲ್ಲೇ ಬೀಗ ಗುರಪ್ಪನ ಮನೆ. ರೇವಪ್ಪನ ಮಗಳು ಸಿದ್ದಲಿಂಗವ್ವ ಆ ಮನೆಯ ಸೊಸೆ. ರೇವಪ್ಪನ ಮನೆಯಲ್ಲಿ ಮೊಮ್ಮಗನ ತೊಟ್ಟಿಲ ದಿನ, ಬೀಗರಿಗೆ ಆಯೇರಿಯ ಉಡುಗೊರೆ ಕೊಡುವಾಗ, ಗುರಪ್ಪನಿಗಿಂತ ಮೊದಲು ಅವನ ತಮ್ಮನ ಹೆಸರು ಕೂಗಿದ್ದರು. ಕೂಗಿದವನ ಬಾಯಿ ತಪ್ಪಿತ್ತು, ಅಷ್ಟೇ. ಗುರಪ್ಪ ತಲೆಗೆ ಸುತ್ತಿದ ಆಯೇರಿಯ ರುಮಾಲನ್ನು ತೆಗೆದು ಜಮಖಾನೆಯ ಮೇಲಿಟ್ಟು ಎದ್ದುಹೋದ. ಅಂದಿನಿಂದ ಈ ಮನೆಯವರು ಆ ಮನೆಯ ಹೊಸ್ತಿಲು ತುಳಿದಿಲ್ಲ, ಅವರು ಇವರದನ್ನು ತುಳಿದಿಲ್ಲ. ಆದರೆ ಬ್ರೇಕು ಒಣಗಿಸುವವರನ್ನು ಯಾರು ಏನೆನ್ನಲಾದೀತು? ಪ್ರತಿ ಸಂತೆಗೂ ಪಿಕಪ್ಪು ಆ ಬಾಗಿಲ ಮುಂದೆ ತೆವಳುತ್ತ ಹೋಗುತ್ತಿತ್ತು. ಕಿಟಕಿಯ ಬದಿಗೆ ರುಕ್ಮವ್ವ. ಸಿದ್ದಲಿಂಗವ್ವನಿಗೂ ಅದೇ ಹೊತ್ತಿಗೆ ಅಂಗಳದಲ್ಲಿ ಏನಾದರೊಂದು ಕೆಲಸ. ಯಾರೂ ಕೈ ಎತ್ತುತ್ತಿರಲಿಲ್ಲ.

ಹೋದ ತಿಂಗಳು ಮೊಮ್ಮಗ ಕೋಳಿಯ ಬೆನ್ನು ಹತ್ತಿ ರಸ್ತೆಗೇ ಓಡಿಬಂದ. ರೇವಪ್ಪ ತುಳಿದ, ತೋಯ್ದ ಬ್ರೇಕು ಹಿಡಿಯಲಿಲ್ಲ. ಗಾಡಿಯನ್ನು ಜಾಲಿಯ ಕಂಟಿಗೆ ನುಗ್ಗಿಸಿದ. ಕೂಸು ಗೇಣಿನಲ್ಲಿ ಉಳಿಯಿತು. "ಬ್ರೇಕ್ ಬದಲಿ ಮಾಡಸ್ರಿ, ಇಲ್ಲಾ ಗಾಡಿ ಮಾರ್ರಿ," ಎಂದು ಅಂದು ಸಂಜೆ ಹೇಳಿದವಳು ರುಕ್ಮವ್ವನೇ.

ಬುತ್ತಿಯ ಗಂಟು ಹಿಡಿದು ಕೂತ ಅವಳನ್ನು ರೇವಪ್ಪ ಒಮ್ಮೆ ನೋಡಿದ. "ಹೂಂ, ಕೂಡಿಸಪಾ," ಎಂದ ನಬಿಸಾಬನಿಗೆ.

ಮುಂದಿನ ಸಂತೆಗೆ ಹೊರಟಾಗ ಹಳ್ಳದಲ್ಲಿ ಅರ್ಧ ಗಾಲಿ ಮುಳುಗುವಷ್ಟು ನೀರು. ದಂಡೆ ಏರುತ್ತಲೇ ರೇವಪ್ಪನ ಕಾಲು ರೂಢಿಯಂತೆ ಬ್ರೇಕಿಗೆ ಹೋಯಿತು. ಗಾಡಿ ಗಕ್ಕನೆ ಹಿಡಿದು ಹಿಂದಿನ ನಿಂಬೆಯ ಚೀಲಗಳು ಜಾರಿದವು. ಅವನು ಕಾಲು ತೆಗೆದ. ಇನ್ನು ನಿಧಾನ ಹೋಗಲು ಯಾವ ಕಾರಣವೂ ಇರಲಿಲ್ಲ. ಆದರೂ ಗಾಡಿ ನಿಧಾನವೇ ಹೋಗುತ್ತಿತ್ತು. ಮನೆ ಹತ್ತಿರ ಬಂತು.

"ಹಿಡೀತಾವೋ ಇಲ್ಲೋ, ಒಮ್ಮಿ ನೋಡ್ರಲ," ಎಂದಳು ರುಕ್ಮವ್ವ, ಕಿಟಕಿಯಿಂದ ಮುಖ ತಿರುಗಿಸದೆ.

"ಇಲ್ಲೇ?"

"ಇಲ್ಲೇ."

ರೇವಪ್ಪ ತುಳಿದ. ಪಿಕಪ್ಪು ಬಾಗಿಲಿಗೆ ಸರಿಯಾಗಿ ನಿಂತು, ಇಂಜಿನ್ನು ಕೆಮ್ಮಿ ಸುಮ್ಮನಾಯಿತು. ಕಟ್ಟೆಯ ಮೇಲೆ ಕೂತು ತನ್ನ ಟ್ರ್ಯಾಕ್ಟರಿನ ಫಿಲ್ಟರು ಒರೆಸುತ್ತಿದ್ದ ಗುರಪ್ಪ ತಲೆಯೆತ್ತಿದ. ಕೂಸನ್ನು ಟೊಂಕಕ್ಕೆ ಏರಿಸಿಕೊಂಡ ಸಿದ್ದಲಿಂಗವ್ವ ಹೊಸ್ತಿಲಲ್ಲೇ ನಿಂತಳು.

"ಯಾಕ ನಿಂತೈತ್ರಿ?" ಗುರಪ್ಪ ಗಾಡಿಯನ್ನು ನೋಡಿಯೇ ಕೇಳಿದ.

"ಬ್ರೇಕ್ ತೋಯ್ದಾವ್ರಿ." ರೇವಪ್ಪ ಹೇಳಿದ್ದು ಸ್ಟೇರಿಂಗಿಗೆ. "ಒಣಗೂತನಕ ನಿಂದ್ರಬೇಕು."

ಗುರಪ್ಪ ಗಾಲಿಯಿಂದ ತೊಟ್ಟಿಕ್ಕುವ ನೀರನ್ನು ನೋಡಿದ. ಧೂಳಿನಲ್ಲಿ ಗಾಲಿಯ ಗುರುತು ತಟ್ಟನೆ ಕಡಿದು ನಿಂತ ಜಾಗವನ್ನೂ ನೋಡಿದ. ಫಿಲ್ಟರನ್ನು ಅರಿವೆಯಲ್ಲಿ ಸುತ್ತಿ ಬದಿಗಿಟ್ಟ.

"ತೋಯ್ದಿರತಾವ, ಮತ್ತ. ಬಿಸಲಾಗ ಯಾಕ ಕುಂತೀರಿ ಬೀಗ್ರ? ಅವು ಒಣಗೂತನಕ ಒಳಗ ಬರ್ರಿ."

ಅಷ್ಟರಲ್ಲಿ ರುಕ್ಮವ್ವ ಇಳಿದಾಗಿತ್ತು. ಕೂಸು ಅವಳ ಮೂಗುತಿಗೆ ಕೈಹಾಕಿತ್ತು.

ತೋಯ್ದ ಬ್ರೇಕು ಗಾಡಿ ನಿಂತರೆ ಒಣಗುವುದಿಲ್ಲ, ನಡೆದರೇ ಒಣಗುವುದು. ದಿನಾ ಅದೇ ಹಳ್ಳದಲ್ಲಿ ಟ್ರ್ಯಾಕ್ಟರು ದಾಟಿಸುವ ಗುರಪ್ಪನಿಗೆ ಅದು ಚೆನ್ನಾಗಿ ಗೊತ್ತಿತ್ತು. ಅವನು ಹೇಳಲಿಲ್ಲ. ಈ ಬ್ರೇಕನ್ನು ಒಣಗಿಸುವುದೇ ಬೇಕಿಲ್ಲವೆಂದು ರೇವಪ್ಪ ಅಂದೂ ಹೇಳಲಿಲ್ಲ, ಆಮೇಲೆಯೂ ಹೇಳಲಿಲ್ಲ.