ಹಿಮ್ಮಡಿ

“ಒಬ್ಬನ ಬಲಗೈ ಮುರೀಬೇಕು ಸರ್. ಕಲಿಸ್ತೀರಾ?”

ಬೆಳಗಿನ ಹೆಂಗಸರ ತರಗತಿಗೆ ಹೊಸದಾಗಿ ಸೇರಿದವಳು ಹೀಗೆ ಕೇಳಿದಾಗ ಬಾಕ್ಸಿಂಗ್ ಕೋಚ್ ನಕ್ಕರು. ಅವಳ ಕಿವಿಯ ಕೆಳಗೆ ಹಸಿರುಗಟ್ಟಿದ ಏಟಿನ ಗುರುತು ಕಂಡು ನಗು ನಿಲ್ಲಿಸಿದರು.

“ಕೈ ಮುರಿಯೋ ಪಂಚ್ ಅಂತ ಯಾವುದೂ ಇಲ್ಲಮ್ಮ. ದವಡೆಗೆ ಹೊಡಿ. ಜ್ಯಾಬ್ ನೇರ ಹೋಗುತ್ತೆ, ಅಪ್ಪರ್‌ಕಟ್ ಕೆಳಗಿಂದ ಏಳುತ್ತೆ, ಹುಕ್ ಪಕ್ಕದಿಂದ ಬರುತ್ತೆ.”

“ಪಕ್ಕದಿಂದ ಬರೋದನ್ನೇ ಹೇಳಿಕೊಡಿ.”

“ಅದರ ಬಲ ತೋಳಲ್ಲಿಲ್ಲ. ಮೊದಲು ಬಲಗಾಲಿನ ಹಿಮ್ಮಡಿ ಏಳುತ್ತೆ, ಆಮೇಲೆ ಸೊಂಟ ತಿರುಗುತ್ತೆ. ಮುಷ್ಟಿ ಬರೋದು ಕೊನೆಗೆ. ನನ್ನ ಹತ್ರ ಕಲಿತವರೆಲ್ಲ ಹೀಗೇ ಹೊಡಿಯೋದು.”

“ಎಲ್ಲರೂ?”

“ಒಬ್ಬರೂ ಬಿಡದೆ.”

ಆ ತಿಂಗಳಿಡೀ ಅವಳು ಪಂಚಿಂಗ್ ಬ್ಯಾಗಿಗೆ ಒಮ್ಮೆಯೂ ಗುದ್ದಲಿಲ್ಲ. ಗುದ್ದುವವರ ಹಿಮ್ಮಡಿಗಳನ್ನೇ ದಿಟ್ಟಿಸುತ್ತ ನಿಂತಿರುತ್ತಿದ್ದಳು.

ಕೋಚ್ ರೇಗಿದರು. “ಹೀಗೆ ನೋಡ್ತಾ ನಿಂತ್ರೆ ಸೇಡು ತೀರುತ್ತೇನಮ್ಮ?”

“ತೀರುತ್ತೆ ಸರ್,” ಎಂದವಳು ಮಾರನೆಯ ದಿನದಿಂದ ಬರಲಿಲ್ಲ.

ಅದೇ ವಾರ ಒಂದು ಸಂಜೆ, ರಾಜ್ಯಮಟ್ಟದ ಪಂದ್ಯಕ್ಕೆ ಆಯ್ಕೆಯಾಗಿದ್ದ ಅವರ ಮೆಚ್ಚಿನ ಶಿಷ್ಯ ಬಲಗೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಬಂದು ಎದುರು ನಿಂತ.

“ಏನೋ ಇದು? ಗ್ಲೌಸ್ ಇಲ್ಲದೆ ಎಲ್ಲಿ ಹೊಡೆದೆ?”

“ಮನೇಲಿ ಸರ್. ಅಡುಗೆಮನೆ ಗೋಡೆಗೆ ಬಿತ್ತು.”

“ಗೋಡೆಗೆ ಯಾಕೋ ಹೊಡಿಯೋಕೆ ಹೋದೆ?”

ಶಿಷ್ಯ ನೆಲ ನೋಡಿದ.

“ಗೋಡೆಗಲ್ಲ ಸರ್. ನನ್ನ ಹೆಂಡ್ತಿ ಬಗ್ಗಿಬಿಟ್ಳು.”