ಕೊಳೆಯಾಗದ ಫಿಲ್ಟರ್

"ವೈನಿ, ಇದಕ್ಕ ವಾರಂಟಿ ಸಿಗೂದಿಲ್ರಿ" ಎನ್ನುತ್ತ ಮೆಕ್ಯಾನಿಕ್ ಸಮಾಧಾನ, ಕುಡಿಯುವ ನೀರಿನ ಮಷಿನ್ನಿನಿಂದ ಬಿಚ್ಚಿದ ಫಿಲ್ಟರನ್ನು ಕಿಟಕಿಯ ಬೆಳಕಿಗೆ ಹಿಡಿದ. ಚಿಕ್ಕೋಡಿಯಿಂದ ಬೇಡಕಿಹಾಳಕ್ಕೆ ಬೈಕಿನಲ್ಲಿ ಅವನನ್ನು ಕಳಿಸಿದ್ದು ಮಷಿನ್ನಿನ ಕಂಪನಿ. ಸುಟ್ಟದ್ದು ಒಳಗಿನ ಪುಟ್ಟ ಪಂಪು. ಅವನ ಕಣ್ಣು ಮಾತ್ರ ಫಿಲ್ಟರಿನ ಮೇಲೆ ನೆಟ್ಟಿತ್ತು.

ತ್ರಿಶಲಾ ಗೋಡೆಯ ಕ್ಯಾಲೆಂಡರ್ ನೋಡಿದಳು. ವಾರಂಟಿ ಮುಗಿಯಲು ಹನ್ನೆರಡೇ ದಿನ ಉಳಿದಿದ್ದವು. ಹೋದ ವರ್ಷ ಮಗ ಸುಜಯನಿಗೆ ಟೈಫಾಯ್ಡ್ ಆದಾಗ ಹಟ ಹಿಡಿದು ತರಿಸಿದ ಮಷಿನ್ ಅದು. ಅದಿಲ್ಲದೆ ಐದು ವರ್ಷದ ಮಗನಿಗೆ ನೀರು ಕೊಡಲು ಅವಳಿಗೆ ಧೈರ್ಯವಿರಲಿಲ್ಲ. ತಂದ ದಿನವೇ ಅತ್ತೆ ರಾಜಮತಿಗೆ ಹೇಳಿಬಿಟ್ಟಿದ್ದಳು: "ಅತ್ತಿ, ಇನ್ನ ನಿಮ್ಮ ಅರಿವಿ ಬ್ಯಾಡ್ರಿ. ಗಾಳಸೂದೆಲ್ಲಾ ಮಷಿನ್ನೇ ಮಾಡತೈತಿ." ಜೈನರ ಮನೆ. ಅರಿವೆಯಲ್ಲಿ ಗಾಳಿಸದ ನೀರನ್ನು ತಲೆಮಾರುಗಳಿಂದ ಯಾರೂ ಬಾಯಿಗೆ ಹಾಕಿದವರಲ್ಲ. ಆದರೂ ರಾಜಮತಿ ಕೊಡದ ಮೇಲಿನ ಅರಿವೆಯನ್ನು ಮಡಚಿ ಟ್ರಂಕಿನಲ್ಲಿಟ್ಟು ಸುಮ್ಮನಾದರು. ಅತ್ತೆ ಸುಮ್ಮನಾದಾಗ ಸೊಸೆಯಾದವಳು ಹುಷಾರಾಗಬೇಕು. ತ್ರಿಶಲಾ ಆಗಲಿಲ್ಲ.

"ಫಿಲ್ಟರ್ ಬೆಳ್ಳಗ ಇದ್ರ ಛಲೋ ಅಲ್ಲೇನ್ರಿ?" ಎಂದು ಅವಳು ಕೇಳಿದಳು.

"ಅದೇ ಸಂಶಯ ನೋಡ್ರಿ. ಈ ಕಡೆ ನೀರಿಗೆ ಮೂರ ತಿಂಗಳದಾಗ ಇದು ಬೆಲ್ಲದ ಬಣ್ಣಕ್ಕ ಬರತೈತಿ. ಇಲ್ಲೆ ಹನ್ನೊಂದ ತಿಂಗಳ ದಾಟ್ಯಾವ, ನಮ್ಮವರು ಯಾರೂ ಬದಲಿ ಮಾಡಿಲ್ಲ. ಅಂದ್ರ ನೀವು ಹೊರಗಿನವರ ಕಡಿಂದ ಬ್ಯಾರೆ ಫಿಲ್ಟರ್ ಹಾಕಿಸೀರಿ. ಹೊರಗಿನವರು ಕೈ ಹಚ್ಚಿದ್ರ ವಾರಂಟಿ ಇಲ್ಲಂತ ಕಾರ್ಡಿನ ಹಿಂದ ಏಳನೇ ಷರತ್ತ ಐತಿ, ಓದ್ರಿ."

ಓದುವುದೇನು ಬಂತು, ತ್ರಿಶಲಾ ಅದನ್ನು ಬಾಯಿಪಾಠ ಹೇಳಬಲ್ಲಳು. ವಾರಂಟಿ ಕಾರ್ಡನ್ನು ಮಗನ ಜನನ ದಾಖಲೆಯ ಜೊತೆ ಪ್ಲಾಸ್ಟಿಕ್ ಚೀಲದಲ್ಲಿ ಕಾಪಾಡಿದವಳು ಅವಳು.

"ಒಬ್ರೂ ಕೈ ಹಚ್ಚಿಲ್ರಿ."

"ಹಂಗಾದ್ರ ಮಷಿನ್ ಚಾಲೂನೇ ಮಾಡಿಲ್ಲ."

"ಚಾಲೂ ಮಾಡದ ಪಂಪು ಸುಡೂದ ಹ್ಯಾಂಗ್ರಿ?"

ಇಂಥ ಪ್ರಶ್ನೆ ಬಂದಾಗ ಒತ್ತಲೆಂದೇ ಕಂಪನಿಯವರು ಸಮಾಧಾನನ ಮೊಬೈಲಿನಲ್ಲಿ 'ತಿರಸ್ಕೃತ' ಎಂಬ ಕೆಂಪು ಗುಂಡಿ ಕೊಟ್ಟಿದ್ದರು. ಅವನ ಬೆರಳು ಅತ್ತ ಸರಿಯಿತು.

ಒಲೆಯ ಮುಂದೆ ರೊಟ್ಟಿ ಬಡಿಯುವ ಸದ್ದು ನಿಂತಿತು. ರಾಜಮತಿ ಹಿಟ್ಟಿನ ಕೈಯಲ್ಲೇ ಎದ್ದು ಬಂದರು.

"ತಮ್ಮಾ, ಅದನ್ನ ಒತ್ತಬ್ಯಾಡ. ಅಕಿ ಖರೇನ ಹೇಳಾಕತ್ತಾಳ. ತಪ್ಪ ನಂದೈತಿ, ಮ್ಯಾಲ ಬಾ" ಎಂದವರು ಸೊಸೆಯ ಮುಖ ನೋಡದೆ ಮೆಟ್ಟಿಲು ಹತ್ತಿದರು.

ಮಾಳಿಗೆಯ ಮೇಲೆ ನೀರಿನ ಟಾಕಿ. ಹಿತ್ತಲ ಬಾವಿಯಿಂದ ಅದಕ್ಕೆ ನೀರು ಬೀಳುವ ಪೈಪಿನ ಬಾಯಿಗೆ, ಎರಡು ಪದರ ಮಡಚಿದ ಬಿಳಿ ಅರಿವೆಯನ್ನು ದಾರದಿಂದ ಬಿಗಿದು ಕಟ್ಟಿತ್ತು. ಫಿಲ್ಟರಿನಲ್ಲಿ ಕೂರಬೇಕಿದ್ದ ಕಂದು ಬಣ್ಣದ ಕೆಸರು ಅದರ ನಡುವೆ ಗಟ್ಟಿಯಾಗಿ ಕೂತಿತ್ತು. ಟ್ರಂಕಿನಲ್ಲಿರಬೇಕಾದ ಅರಿವೆಯ ಗುರುತು ತ್ರಿಶಲಾಳಿಗೆ ಹತ್ತಿತು.

"ಅತ್ತಿ, ದಿನಾ ಮುಂಜಾನೆ ಮೊಳಕಾಲಿಗೆ ಬಿಸಲ ಬೇಕಂತ ಮ್ಯಾಲ ಬರತಿದ್ರಲ್ಲ?"

"ಬಿಸಲೂ ಬೇಕಿತ್ತು" ಎಂದರು ರಾಜಮತಿ. ಆಮೇಲೆ ದನಿ ತಗ್ಗಿಸಿ, "ಮಷಿನ್ ಮ್ಯಾಲ ನನಗೇನ ಸಿಟ್ಟಿಲ್ಲವಾ. ಕೂಸಿನ ಹೊಟ್ಟಿಗೆ ಅದು ಬೇಕು. ಆದ್ರ ನೀರಾಗಿನ ಸಣ್ಣ ಜೀವ ಅದರಾಗ ಸಿಕ್ಕ ಸಾಯಬಾರದಲ್ಲ?" ಎಂದರು.

ಸಮಾಧಾನ ದಾರ ಬಿಚ್ಚಿ ಅರಿವೆ ಝಾಡಿಸಲು ಹೊರಟ. ರಾಜಮತಿ ಅವನ ಮುಂಗೈ ಹಿಡಿದರು. "ಇಲ್ಲೆ ಝಾಡಸಬ್ಯಾಡ, ಅದರಾಗಿನ ಜೀವ ತಿರುಗಿ ಬಾವಿಗೇ ಬಿಡಬೇಕು." ಅರಿವೆಯನ್ನು ಹಿಂದುಮುಂದು ಮಾಡಿ, ಗಾಳಿಸಿದ ನೀರು ಸುರಿದು, ತಂಬಿಗೆಯಲ್ಲಿ ಹಿಡಿದುಕೊಳ್ಳುವುದನ್ನು ಹೇಳಿಕೊಟ್ಟರು. ಕಂಪನಿಯ ಅಂಗಿ ತೊಟ್ಟವನು ಆ ತಂಬಿಗೆಯನ್ನು ಎರಡೂ ಕೈಯಲ್ಲಿ ಹಿಡಿದು, ಉಸಿರು ಬಿಗಿಹಿಡಿದು ಹದಿನೆಂಟು ಮೆಟ್ಟಿಲು ಇಳಿದ. ಅದನ್ನು ನೋಡಿ ತ್ರಿಶಲಾಳಿಗೆ ನಗು ಬಂತು. ಅತ್ತೆಯನ್ನು ಅಪ್ಪಿಕೊಳ್ಳಬೇಕೆನಿಸಿತು. ಆ ಮನೆಯಲ್ಲಿ ಅಂಥ ರೂಢಿಯಿಲ್ಲದ್ದರಿಂದ ಅವರ ಕೈಗೆ ಮೆತ್ತಿದ್ದ ಹಿಟ್ಟನ್ನು ಸೆರಗಿನಿಂದ ಒರೆಸಿದಳು.

ಬಾವಿಯಿಂದ ಮರಳಿದ ಸಮಾಧಾನ ಏಳನೇ ಷರತ್ತನ್ನು ಮತ್ತೆ ಓದಿದ. "ಇದರಾಗ ಟಾಕಿಗೆ ಅರಿವಿ ಕಟ್ಟಬಾರದಂತ ಎಲ್ಲೂ ಬರದಿಲ್ರಿ" ಎಂದು ಖುಷಿಯಿಂದಲೇ ಅರಿವೆಯ ಫೋಟೋ ಆಫೀಸಿಗೆ ಕಳಿಸಿದ. ಅರ್ಧ ತಾಸಿಗೆ ಒಪ್ಪಿಗೆ ಬಂತು, ಹೊಸ ಪಂಪು ಕೂತಿತು. ವಾರಂಟಿ ಮುಗಿದ ಮೇಲಿನ ಸರ್ವಿಸ್ ಕಾಂಟ್ರಾಕ್ಟಿನ ಕಾಗದವನ್ನೂ ತೆಗೆದ. "ವರ್ಷದಾಗ ನಾಕ ಸಲ ಬಂದು ಫಿಲ್ಟರ್ ಬದಲಿ ಮಾಡತೀವಂತ ಐತಿ. ಫಿಲ್ಟರೇ ಕೊಳಿ ಆಗದವರಿಗೆ ಇದನ್ನ ಮಾರೂದ ಹ್ಯಾಂಗ್ರಿ ಆಯಿ?" ಎಂದು ಮಡಚಿ ಚೀಲಕ್ಕೆ ಹಾಕಿದ. ಬಿಸಿ ರೊಟ್ಟಿ, ಶೇಂಗಾ ಚಟ್ನಿ ತಿಂದು ಹೊರಟ.

ಅವನ ಬೈಕು ಓಣಿ ದಾಟಿದ ಮೇಲೆ ತ್ರಿಶಲಾ ಒಲೆಯ ಪಕ್ಕ ಬಂದು ಕೂತಳು. "ನಾಳಿಂದ ಅರಿವಿ ಕಟ್ಟಾಕ ನಾ ಹೋಗತೀನ್ರಿ. ನಿಮ್ಮ ಮೊಳಕಾಲಿನ ವಾರಂಟಿ ಎಂದೋ ಮುಗದೈತಿ."

"ಹೋಗವಾ. ಆದ್ರ ನನ್ನ ಕಾಂಟ್ರಾಕ್ಟಿಗೂ ಷರತ್ತ ಅದಾವ. ಬಾವಿ ಮೋಟರ್ ಚಾಲೂ ಮಾಡೂ ಮೊದಲ ಅರಿವಿ ಕಟ್ಟಿರಬೇಕು. ತಂಬಿಗ್ಯಾಗಿಂದ ಒಂದ ಹನಿ ಚೆಲ್ಲಬಾರದು. ಒಂದ ದಿನಾನೂ ಸೂಟಿ ಇಲ್ಲ."

"ಆತ್ರಿ. ಎಷ್ಟ ವರ್ಷದ್ದು?"

ರಾಜಮತಿ ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿದರು.

"ನಿನಗ ಸೊಸಿ ಬರೂತನಕ."